ಜುಲೈ ತಿಂಗಳಲ್ಲಿ ಒಂದು ರಿಫೈನರಿ, ಒಂದು ಬೇಕರಿ

2025ರ ಜುಲೈ 22ರಂದು ನಯಾರಾ ಎನರ್ಜಿ ಎಂಬ ಕಂಪನಿಯ ನೌಕರರಿಗೆ ಆಫೀಸಿನ ಇಮೇಲ್ ತೆರೆಯಲಿಲ್ಲ. ಔಟ್‌ಲುಕ್ ಬಂದ್. ಟೀಮ್ಸ್ ಬಂದ್. ದುಡ್ಡು ಬಾಕಿ ಇತ್ತು ಅಂತಲ್ಲ, ಲೈಸೆನ್ಸಿನ ಹಣ ಪೂರ್ತಿ ಕಟ್ಟಿದ್ದೇವೆ ಎಂದು ಕಂಪನಿ ಆಮೇಲೆ ಹೇಳಿತು. ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತ್ತು, ಅಷ್ಟೆ. ಮುಂಚಿತವಾಗಿ ಒಂದು ಮಾತೂ ಹೇಳಲಿಲ್ಲ ಎನ್ನುವುದು ನಯಾರಾದವರ ದೂರು.

ನಯಾರಾ ಹೆಸರು ನಿಮಗೆ ಅಷ್ಟಾಗಿ ನೆನಪಿರಲಿಕ್ಕಿಲ್ಲ. ಆದರೆ ಹೆದ್ದಾರಿಯಲ್ಲಿ ಹೋಗುವಾಗ ಅವರ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿರಬಹುದು. ಹಿಂದೆ ಎಸ್ಸಾರ್ ಆಯಿಲ್ ಅಂತ ಇತ್ತಲ್ಲ, ಅದೇ. ಗುಜರಾತಿನ ವಾಡಿನಾರ್‌ನಲ್ಲಿ ವರ್ಷಕ್ಕೆ 2 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸುವ ರಿಫೈನರಿ ಅವರದು. ದೇಶದ ತುಂಬ 6,000ಕ್ಕೂ ಜಾಸ್ತಿ ಬಂಕುಗಳಿವೆ. ಇಷ್ಟು ದೊಡ್ಡ ಕಂಪನಿಗೆ ತನ್ನದೇ ಹಳೇ ಮೇಲ್‌ಗಳನ್ನು ತೆಗೆದು ನೋಡಲು ಆಗಲಿಲ್ಲ.

ಕಾರಣ ಇಷ್ಟು. ನಯಾರಾದಲ್ಲಿ ರಷ್ಯಾದ ರೋಸ್ನೆಫ್ಟ್ ಕಂಪನಿಗೆ ಶೇ 49.13 ಪಾಲಿದೆ. ಉಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ ಐರೋಪ್ಯ ಒಕ್ಕೂಟ ಜುಲೈ 18ರಂದು ಹೊಸ ನಿರ್ಬಂಧಗಳ ಪಟ್ಟಿ ಹೊರಡಿಸಿತು. ಅದರಲ್ಲಿ ನಯಾರಾ ಹೆಸರೂ ಇತ್ತು. ನಾಲ್ಕೇ ದಿನದಲ್ಲಿ ಇಮೇಲ್ ಹೋಯಿತು. ಈಗ ಸ್ವಲ್ಪ ನಿಧಾನವಾಗಿ ಯೋಚಿಸಿ. ರಿಫೈನರಿ ಇರುವುದು ಭಾರತದಲ್ಲಿ. ಕೆಲಸ ಮಾಡುವವರು ಇಲ್ಲಿಯವರು. ನಿರ್ಬಂಧ ಹಾಕಿದ್ದು ಐರೋಪ್ಯ ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸ್‌ನಲ್ಲಿ. ಅದನ್ನು ಜಾರಿ ಮಾಡಿದ್ದು ಅಮೆರಿಕದ ಕಂಪನಿ. ಇಂಥ ಏಕಪಕ್ಷೀಯ ನಿರ್ಬಂಧಗಳನ್ನು ನಾವು ಒಪ್ಪುವುದಿಲ್ಲ ಎಂದು ಭಾರತ ಸರ್ಕಾರ ಆಗಲೇ ಹೇಳಿಯಾಗಿತ್ತು. ಆ ಮಾತಿಗೆ ಆ ವಾರ ಮೂರು ಕಾಸಿನ ಬೆಲೆಯೂ ಬರಲಿಲ್ಲ.

ನಯಾರಾ ದೆಹಲಿ ಹೈಕೋರ್ಟಿಗೆ ಹೋಯಿತು. ಈ ನಡುವೆ ಇಮೇಲಿಗೆ ಅವರು ಮೊರೆಹೋಗಿದ್ದು ರೆಡಿಫ್‌ಗೆ. ಹೌದು, ಇಪ್ಪತ್ತು ವರ್ಷದ ಹಿಂದೆ ನಾವೆಲ್ಲ ಸೈಬರ್ ಕೆಫೆಯಲ್ಲಿ ಕೂತು ಅಕೌಂಟ್ ಮಾಡಿಕೊಳ್ಳುತ್ತಿದ್ದ ಅದೇ ರೆಡಿಫ್! ಜುಲೈ 30ರಂದು ಮೈಕ್ರೋಸಾಫ್ಟ್ ಸೇವೆಯನ್ನು ಮತ್ತೆ ಶುರು ಮಾಡಿತು, ನಯಾರಾ ಅರ್ಜಿ ವಾಪಸ್ ಪಡೆಯಿತು. ಹೀಗೆ ಸೇವೆ ನಿಲ್ಲಿಸಲು ಮೈಕ್ರೋಸಾಫ್ಟ್‌ಗೆ ಅಧಿಕಾರ ಇತ್ತೇ ಎಂಬ ಪ್ರಶ್ನೆಗೆ ಕೋರ್ಟಿನಿಂದ ಉತ್ತರ ಬರುವ ಮೊದಲೇ ಪ್ರಕರಣ ಮುಗಿಯಿತು. ನನ್ನನ್ನು ಕೇಳಿದರೆ, ಆ ಉತ್ತರ ಬರಬೇಕಿತ್ತು.

ಅದೇ ಜುಲೈನಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ನಮ್ಮ ಬೀದಿಯ ಬೇಕರಿಯಲ್ಲಿ ಕ್ಯೂಆರ್ ಕೋಡಿನ ಮೇಲೆ ಒಂದು ಬಿಳಿ ಹಾಳೆ ಅಂಟಿಸಿದ್ದರು. ಸ್ಕೆಚ್ ಪೆನ್ನಿನಲ್ಲಿ ಬರೆದದ್ದು: ‘ನೋ ಯುಪಿಐ. ಕ್ಯಾಶ್ ಮಾತ್ರ.’

“ಏನಣ್ಣ ಇದು, ನಿಮಗೂ ನೋಟಿಸ್ ಬಂತಾ?”

“ನಮಗೆ ಬಂದಿಲ್ಲ ಸಾರ್. ಬರೋದು ಬೇಡ ಅಂತಾನೇ ಹಾಕಿರೋದು.”

ವಾಣಿಜ್ಯ ತೆರಿಗೆ ಇಲಾಖೆ ಪೇಮೆಂಟ್ ಕಂಪನಿಗಳಿಂದ ವ್ಯಾಪಾರಿಗಳ ಯುಪಿಐ ಲೆಕ್ಕ ತರಿಸಿಕೊಂಡಿತ್ತು. ವರ್ಷಕ್ಕೆ ಸರಕಿನ ವ್ಯಾಪಾರವಾದರೆ 40 ಲಕ್ಷ, ಸೇವೆಯಾದರೆ 20 ಲಕ್ಷ ರೂಪಾಯಿ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಯಾರು ದಾಟಿದ್ದಾರೆ ಎಂದು ಪತ್ತೆಹಚ್ಚಲು ಇಲಾಖೆಯವರು ಅಂಗಡಿ ಅಂಗಡಿ ತಿರುಗಬೇಕಾಗಿ ಬರಲಿಲ್ಲ. ಒಂದು ಪತ್ರ ಬರೆದರೆ ಸಾಕಾಯಿತು. ತರಕಾರಿ ಮಾರುವವರೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಹೋದದ್ದು ದೊಡ್ಡ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳುವುದಿಲ್ಲ ಎಂದು ಸಮಾಧಾನ ಮಾಡಬೇಕಾಯಿತು.

ಒಂದು ಕಡೆ ಕಂಪನಿಯ ಮುಂದೆ ಸರ್ಕಾರದ ಮಾತು ನಡೆಯಲಿಲ್ಲ. ಇನ್ನೊಂದು ಕಡೆ ಕಂಪನಿಯ ಲೆಕ್ಕವೇ ಸರ್ಕಾರಕ್ಕೆ ಕಣ್ಣಾಯಿತು. ಎರಡೂ ಒಂದೇ ವಾರದ ಸುದ್ದಿ. ಹಾಗಾಗಿ ‘ಟೆಕ್ ಕಂಪನಿಗಳು ಸರ್ಕಾರಗಳಿಗಿಂತ ದೊಡ್ಡದಾಗಿಬಿಟ್ಟಿವೆ’ ಎಂದು ಯಾರಾದರೂ ಸಲೀಸಾಗಿ ಹೇಳಿದಾಗ ನನಗೆ ಅರ್ಧ ಮಾತ್ರ ಒಪ್ಪಿಗೆ. ಯಾವ ಸರ್ಕಾರಕ್ಕಿಂತ ಅಂತ ಕೇಳಬೇಕು ಅನ್ನಿಸುತ್ತದೆ.

ಈ ವಾದಕ್ಕೆ ಎಲ್ಲರೂ ಮೊದಲು ತರುವುದು ದುಡ್ಡಿನ ಲೆಕ್ಕ. ಅದೇ 2025ರ ಜುಲೈನಲ್ಲಿ ಕಂಪ್ಯೂಟರ್ ಚಿಪ್‌ಗಳ ಕಂಪನಿ ಎನ್‌ವಿಡಿಯಾದ ಷೇರು ಮೌಲ್ಯ 4 ಲಕ್ಷ ಕೋಟಿ ಡಾಲರ್ ದಾಟಿತು. ಹೆಚ್ಚುಕಮ್ಮಿ ಭಾರತದ ಜಿಡಿಪಿಯಷ್ಟು. ವಾಟ್ಸ್ಯಾಪ್‌ನಲ್ಲಿ ಇದು ಚೆನ್ನಾಗಿ ಓಡುತ್ತದೆ. ಆದರೆ ಜಿಡಿಪಿ ಅಂದರೆ ದೇಶದಲ್ಲಿ ಒಂದು ವರ್ಷದ ಉತ್ಪಾದನೆ, ಷೇರು ಮೌಲ್ಯ ಅಂದರೆ ಇಡೀ ಕಂಪನಿಗೆ ಮಾರುಕಟ್ಟೆ ಕಟ್ಟಿದ ಬೆಲೆ. ಒಬ್ಬನ ಸೈಟಿನ ಬೆಲೆಯನ್ನು ಇನ್ನೊಬ್ಬನ ವರ್ಷದ ಸಂಬಳದ ಪಕ್ಕ ಇಟ್ಟ ಹಾಗೆ. ಅಲ್ಲದೆ, ನಯಾರಾ ವಿಷಯದಲ್ಲಿ ಕೆಲಸ ಮಾಡಿದ್ದು ದುಡ್ಡಲ್ಲವಲ್ಲ. ಯಾರೋ ಒಂದು ಬಟನ್ ಒತ್ತಿದರು. ಒತ್ತಬೇಡಿ ಎಂದು ಹೇಳುವವರು ಇಲ್ಲಿ ಯಾರೂ ಇರಲಿಲ್ಲ.

ಬಟನ್ ಯಾರ ಕೈಯಲ್ಲಿದೆ ಎಂಬುದು ಸರಿಯಾಗಿ ಕಂಡದ್ದು ಕೊರೊನಾ ಕಾಲದಲ್ಲಿ. 2020ರ ಏಪ್ರಿಲ್‌ನಲ್ಲಿ ಎಲ್ಲ ದೇಶಗಳಿಗೂ ಒಂದೇ ಚಿಂತೆ. ಸೋಂಕಿತರ ಹತ್ತಿರ ಯಾರು ಯಾರು ಇದ್ದರು ಎಂದು ಫೋನಿನಿಂದ ಪತ್ತೆ ಮಾಡಬಹುದೇ? ಫೋನುಗಳು ಬ್ಲೂಟೂತ್‌ನಲ್ಲಿ ಒಂದಕ್ಕೊಂದು ಗುರುತು ಹೇಳಿಕೊಂಡರೆ ಆಗುತ್ತದೆ. ಆದರೆ ಇಲ್ಲೊಂದು ತೊಡಕು. ಐಫೋನ್ ಲಾಕ್ ಆಗಿ ಜೇಬಿನಲ್ಲಿದ್ದಾಗ ಒಳಗಿನ ಆಪ್ ತನ್ನಷ್ಟಕ್ಕೆ ಬ್ಲೂಟೂತ್‌ನಲ್ಲಿ ಕೂಗುತ್ತಾ ಇರಲು ಆಪಲ್ ಬಿಡುವುದಿಲ್ಲ. ಬ್ಯಾಟರಿ ಉಳಿಯಲಿ, ಯಾರೂ ಕದ್ದು ಹಿಂಬಾಲಿಸದಿರಲಿ ಅಂತ ಮಾಡಿಕೊಂಡ ನಿಯಮ. ಒಳ್ಳೆಯ ನಿಯಮವೇ. ಏಪ್ರಿಲ್ 10ರಂದು ಆಪಲ್ ಮತ್ತು ಗೂಗಲ್ ಸೇರಿ, ಇದಕ್ಕೆ ನಾವೇ ಒಂದು ದಾರಿ ಮಾಡಿಕೊಡುತ್ತೇವೆ ಎಂದವು. ಆದರೆ ಷರತ್ತುಗಳಿದ್ದವು. ಯಾರು ಯಾರ ಹತ್ತಿರ ಇದ್ದರು ಎಂಬ ಮಾಹಿತಿ ಫೋನಿನಲ್ಲೇ ಇರಬೇಕು, ಸರ್ಕಾರದ ಸರ್ವರಿಗೆ ಹೋಗಕೂಡದು. ಜನ ಎಲ್ಲಿದ್ದಾರೆ ಎಂಬ ಲೊಕೇಶನ್ ಕೇಳಕೂಡದು.

ಬ್ರಿಟನ್ ಒಪ್ಪಲಿಲ್ಲ. ಮಾಹಿತಿ ಒಂದೇ ಕಡೆ ಸೇರಿದರೆ ರೋಗ ಹೇಗೆ ಹರಡುತ್ತಿದೆ ಅಂತ ನೋಡಬಹುದು, ನಮ್ಮ ಆಪ್ ನಾವೇ ಮಾಡಿಕೊಳ್ಳುತ್ತೇವೆ ಎಂದಿತು. ಮೇ ತಿಂಗಳಲ್ಲಿ ಐಲ್ ಆಫ್ ವೈಟ್ ಎಂಬ ದ್ವೀಪದಲ್ಲಿ ಪ್ರಯೋಗ ನಡೆಯಿತು. ಫಲಿತಾಂಶ ಬಂದಾಗ ಸುತ್ತಮುತ್ತ ಇದ್ದ ಆಂಡ್ರಾಯ್ಡ್ ಫೋನುಗಳಲ್ಲಿ ಶೇ 75ರಷ್ಟನ್ನು ಆಪ್ ಗುರುತಿಸಿತ್ತು. ಐಫೋನುಗಳಲ್ಲಿ ಎಷ್ಟು ಗೊತ್ತಾ? ಶೇ 4. ಜೂನ್ 18ರಂದು ಬ್ರಿಟನ್ ಸರ್ಕಾರ ತನ್ನ ಆಪ್ ಕೈಬಿಟ್ಟು ಆಪಲ್-ಗೂಗಲ್ ದಾರಿಗೆ ಬಂತು. ಜರ್ಮನಿ ಏಪ್ರಿಲ್‌ನಲ್ಲೇ ಬಂದಿತ್ತು. ನಿಯಮ ಸಡಿಲಿಸಿ ಎಂದು ಫ್ರಾನ್ಸ್ ಬಹಿರಂಗವಾಗಿ ಕೇಳಿತು, ಆಪಲ್ ಸಡಿಲಿಸಲಿಲ್ಲ. ಫ್ರಾನ್ಸ್ ತನ್ನ ಹಟ ಬಿಡಲಿಲ್ಲ, ಅದರ ಆಪ್ ಅಷ್ಟಾಗಿ ಓಡಲೂ ಇಲ್ಲ.

ಇಲ್ಲಿ ನನಗೆ ಕಿರಿಕಿರಿಯಾಗುವ ವಿಷಯ ಬೇರೆ. ಆ ಜಗಳದಲ್ಲಿ ಕಂಪನಿಗಳ ನಿಲುವೇ ಸರಿ ಇತ್ತು ಅಂತ ನನಗನ್ನಿಸುತ್ತದೆ. ಗೂಢಲಿಪಿ ಪಂಡಿತರು ಬಹಳ ಮಂದಿ ಹಾಗೇ ಹೇಳಿದರು. ಆಗ ನಮ್ಮ ಸರ್ಕಾರಗಳು ಏನು ಮಾಡುತ್ತಿದ್ದವು ನೆನಪಿಸಿಕೊಳ್ಳಿ. ಏಪ್ರಿಲ್ 2ರಂದು ಬಂದ ಆರೋಗ್ಯ ಸೇತು ಬ್ಲೂಟೂತ್ ಜೊತೆಗೆ ಲೊಕೇಶನ್ನೂ ಕೇಳುತ್ತಿತ್ತು. ಕರ್ನಾಟಕದಲ್ಲಿ ಮನೆಯಲ್ಲೇ ಕ್ವಾರಂಟೈನ್ ಆದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಕಳಿಸಬೇಕು ಎಂದು ಆದೇಶ ಬಂತು. ಮಧ್ಯಾಹ್ನ ಊಟ ಮಾಡಿ ಒಂದು ಗಳಿಗೆ ಮಲಗಿದರೂ ತಪ್ಪು! ಇಂಥ ಸರ್ಕಾರಕ್ಕಿಂತ ಆಪಲ್ ವಾಸಿ ಅಂತ ಆಗ ಅಂದುಕೊಂಡವರಲ್ಲಿ ನಾನೂ ಒಬ್ಬ.

ಆದರೆ ಬ್ರಿಟನ್ನಿನ ಸರ್ಕಾರವನ್ನು ಜನ ವೋಟು ಹಾಕಿ ಕೂರಿಸಿದ್ದರು. ಬೇಡವಾದರೆ ಇಳಿಸಬಹುದು, ಆಮೇಲೆ ಇಳಿಸಿದರೂ ಕೂಡ. ಕ್ಯಾಲಿಫೋರ್ನಿಯಾದಲ್ಲಿ ಕೂತು ‘ಹೀಗಲ್ಲ, ಹಾಗೆ ಮಾಡಿ’ ಎಂದವರನ್ನು ಇಳಿಸುವುದು ಹೇಗೆ? ಈ ಸಲ ಸರಿಯಾದದ್ದನ್ನು ಮಾಡಿದರು. ಮುಂದಿನ ಸಲ?

ಮುಂದಿನ ಸಲದ ತನಕ ಕಾಯಬೇಕಾಗಿಲ್ಲ, ಹಿಂದಿನ ಸಲವೇ ಇದೆ. 2017ರಲ್ಲಿ ಚೀನಾ ಕೇಳಿದಾಗ ಇದೇ ಆಪಲ್ ಅಲ್ಲಿನ ಆಪ್ ಸ್ಟೋರಿನಿಂದ, ಸರ್ಕಾರದ ಇಂಟರ್ನೆಟ್ ತಡೆ ದಾಟಲು ಬಳಸುವ ವಿಪಿಎನ್ ಆಪ್‌ಗಳನ್ನು ತೆಗೆದುಹಾಕಿತು. 2018ರಲ್ಲಿ ಚೀನಾದ ಗ್ರಾಹಕರು ಐಕ್ಲೌಡ್ ಎಂಬ ತನ್ನ ಆನ್‌ಲೈನ್ ಸೇವೆಯಲ್ಲಿ ಇಟ್ಟ ಮಾಹಿತಿಯನ್ನು ಗ್ವೀಜೌ ಪ್ರಾಂತ್ಯದ, ಸರ್ಕಾರದ ಒಡೆತನವೇ ಇರುವ ಕಂಪನಿಯ ಕೈಗೆ ಕೊಟ್ಟಿತು. ಅಲ್ಲಿನ ಕಾನೂನು ಪಾಲಿಸುತ್ತಿದ್ದೇವೆ ಎಂದಿತು. ಬ್ರಿಟನ್ನಿಗೆ ಆಗಲ್ಲ ಎಂದವರು ಬೀಜಿಂಗ್‌ಗೆ ಆಗಲಿ ಎಂದರು. ಐಫೋನುಗಳಲ್ಲಿ ಬಹುಪಾಲು ತಯಾರಾಗುವುದು ಚೀನಾದಲ್ಲಿ. ಅಲ್ಲಿನ ಮಾರುಕಟ್ಟೆಯೂ ದೊಡ್ಡದು. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ.

ಸುದ್ದಿಯ ಜಗಳದಲ್ಲೂ ಹೀಗೇ ಆಯಿತು. ಸುದ್ದಿ ತೋರಿಸಿ ದುಡ್ಡು ಮಾಡುತ್ತೀರಿ, ಪತ್ರಿಕೆಗಳಿಗೂ ಪಾಲು ಕೊಡಿ ಎಂದು ಆಸ್ಟ್ರೇಲಿಯಾ ಕಾನೂನು ತರಲು ಹೊರಟಿತು. 2021ರ ಫೆಬ್ರವರಿ 18ರಂದು ಬೆಳಿಗ್ಗೆ ಆಸ್ಟ್ರೇಲಿಯಾದವರು ಎದ್ದು ನೋಡಿದರೆ ಫೇಸ್‌ಬುಕ್‌ನಲ್ಲಿ ಸುದ್ದಿಯೇ ಇಲ್ಲ. ಸುದ್ದಿಯ ಜೊತೆ ಹವಾಮಾನ ಇಲಾಖೆಯ ಪುಟ, ಆರೋಗ್ಯ ಇಲಾಖೆಗಳ ಪುಟ ಕೂಡ ಖಾಲಿ. ಅದು ಅಲ್ಲಿ ಬೇಸಿಗೆ, ಕಾಡ್ಗಿಚ್ಚಿನ ಕಾಲ. ಲಸಿಕೆ ಶುರುವಾಗುವ ವಾರ ಬೇರೆ. ಕೆಲವೇ ದಿನಗಳಲ್ಲಿ ಸರ್ಕಾರ ಕಾನೂನಿಗೆ ತಿದ್ದುಪಡಿ ಒಪ್ಪಿತು, ಫೇಸ್‌ಬುಕ್ ಸುದ್ದಿ ವಾಪಸ್ ತಂದಿತು. ಕಾನೂನೂ ಪಾಸಾಯಿತು. ಇಬ್ಬರೂ ಗೆದ್ದೆವು ಎಂದರು.

ಕೆನಡಾದಲ್ಲಿ ಹಾಗೆ ರಾಜಿಯಾಗಲಿಲ್ಲ. 2023ರಲ್ಲಿ ಅಲ್ಲಿ ಅದೇ ಬಗೆಯ ಕಾನೂನು ಬಂದಾಗ ಗೂಗಲ್ ವರ್ಷಕ್ಕೆ 10 ಕೋಟಿ ಕೆನಡಾ ಡಾಲರ್ ಕೊಡಲು ಒಪ್ಪಿತು. ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ಮಾತ್ರ ಆಗಸ್ಟ್‌ನಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಸುದ್ದಿ ನಿಲ್ಲಿಸಿತು. ಅದೇ ತಿಂಗಳು ಯೆಲ್ಲೋನೈಫ್ ಊರಿನ ಸುತ್ತ ಕಾಡ್ಗಿಚ್ಚು. ಸುಮಾರು 20,000 ಜನ ಊರು ಬಿಟ್ಟು ಹೊರಟರು, ಅವರಿಗೆ ಫೇಸ್‌ಬುಕ್‌ನಲ್ಲಿ ಸ್ಥಳೀಯ ಸುದ್ದಿ ಸಿಗಲಿಲ್ಲ. ಪ್ರಧಾನಿ ಟ್ರೂಡೊ ಬೈದರು. ಮೆಟಾ ಜಗ್ಗಲಿಲ್ಲ. ಹೊರದೇಶದ ಪತ್ರಿಕೆಗಳಿಗೂ ಆ ತಡೆ ಅನ್ವಯ. ಅಂದರೆ ಟೊರಾಂಟೊದಲ್ಲಿರುವ ಕನ್ನಡಿಗರು ಊರಿನ ಪತ್ರಿಕೆಯ ಒಂದು ಸುದ್ದಿಯನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಳ್ಳುವುದಕ್ಕೂ ಕೆನಡಾ ಸರ್ಕಾರ ಮತ್ತು ಮೆಟಾ ಜಗಳ ಅಡ್ಡ.

ತೆರಿಗೆ ವಿಷಯಕ್ಕೆ ಬಂದರೆ ಕಂಪನಿಗಳ ಹಿಂದೆ ನಿಂತವರು ಯಾರು ಎಂದು ಇನ್ನೂ ಚೆನ್ನಾಗಿ ಕಾಣುತ್ತದೆ. ಅದೇ ಕೆನಡಾ ದೊಡ್ಡ ಡಿಜಿಟಲ್ ಕಂಪನಿಗಳ ಆದಾಯಕ್ಕೆ ಶೇ 3 ತೆರಿಗೆ ಹಾಕಿತ್ತು. ಮೊದಲ ಕಂತು ಕಟ್ಟಬೇಕಿದ್ದದ್ದು 2025ರ ಜೂನ್ 30ಕ್ಕೆ. ಜೂನ್ 27ರಂದು ಟ್ರಂಪ್ ವ್ಯಾಪಾರ ಮಾತುಕತೆ ಮುರಿದರು. 29ರ ರಾತ್ರಿ ಕೆನಡಾ ತೆರಿಗೆ ಕೈಬಿಟ್ಟಿತು. ಕಂಪನಿಗಳು ತಾವಾಗಿ ಒಂದು ಸ್ವಿಚ್ಚನ್ನೂ ಮುಟ್ಟಬೇಕಾಗಲಿಲ್ಲ. ನಮ್ಮಲ್ಲಿಯೂ ‘ಗೂಗಲ್ ಟ್ಯಾಕ್ಸ್’ ಎಂದು ಕರೆಯುತ್ತಿದ್ದ ಶೇ 6ರ ಲೆವಿ 2016ರಿಂದ ಇತ್ತು. ಅಮೆರಿಕದ ಜೊತೆ ವ್ಯಾಪಾರದ ಮಾತುಕತೆ ನಡೆಯುತ್ತಿದ್ದ ಹೊತ್ತಿನಲ್ಲೇ, 2025ರ ಏಪ್ರಿಲ್ 1ರಿಂದ ಅದೂ ಹೋಯಿತು. ಇನ್ನು ಐರ್ಲೆಂಡಿನ ಕಥೆ ಕೇಳಿದರೆ ನಗು ಬರುತ್ತದೆ. ಆಪಲ್‌ನಿಂದ 1,300 ಕೋಟಿ ಯೂರೋ ಬಾಕಿ ವಸೂಲು ಮಾಡಿಕೋ ಎಂದು ಐರೋಪ್ಯ ಆಯೋಗ 2016ರಲ್ಲಿ ಹೇಳಿದರೆ, ನಮಗೆ ಆ ದುಡ್ಡು ಬೇಡ ಎಂದು ಐರ್ಲೆಂಡೇ ಕೋರ್ಟಿಗೆ ಹೋಯಿತು! 2024ರಲ್ಲಿ ಸೋತು, ಕೊನೆಗೆ ತೆಗೆದುಕೊಳ್ಳಲೇಬೇಕಾಯಿತು.

ಕಂಪನಿಗಳನ್ನು ಬಗ್ಗಿಸಿದವರೂ ಇದ್ದಾರೆ. ಬ್ರೆಜಿಲ್‌ನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಅಲೆಕ್ಸಾಂಡ್ರೆ ಡಿ ಮೊರಾಯಿಸ್, ಆದೇಶ ಪಾಲಿಸಲಿಲ್ಲ ಎಂದು 2024ರ ಆಗಸ್ಟ್ 30ರಂದು ಇಡೀ ದೇಶದಲ್ಲಿ ಎಕ್ಸ್ (ಹಿಂದಿನ ಟ್ವಿಟರ್) ಬಂದ್ ಮಾಡಿಸಿದರು. ಅದರ ಮಾಲೀಕ ಮಸ್ಕ್ ಮೊದಲು ಹಾರಾಡಿದರು. ಅಕ್ಟೋಬರ್ 8ರಂದು ಎಕ್ಸ್ ವಾಪಸ್ ಬಂತು. ಅಷ್ಟರಲ್ಲಿ ದಂಡ ಕಟ್ಟಿಯಾಗಿತ್ತು, ಕೇಳಿದ ಅಕೌಂಟುಗಳನ್ನು ಮುಚ್ಚಿಯಾಗಿತ್ತು, ಅಲ್ಲಿ ಒಬ್ಬ ಪ್ರತಿನಿಧಿಯನ್ನೂ ನೇಮಿಸಿಯಾಗಿತ್ತು. ಚಪ್ಪಾಳೆ ತಟ್ಟುವ ಮುಂಚೆ ಒಂದು ಕ್ಷಣ ತಡೆಯಿರಿ. ಒಬ್ಬ ನ್ಯಾಯಮೂರ್ತಿಯ ಆದೇಶದಿಂದ 20 ಕೋಟಿ ಜನರ ದೇಶದಲ್ಲಿ ಒಂದು ಮಾಧ್ಯಮ ಬಂದ್ ಆಗುವುದು ಕೂಡ ಬಟನ್ ಒತ್ತುವುದೇ ಅಲ್ವಾ?

ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಈ ಜಗಳ ಎರಡು ಸಲ ನಡೆದಿದೆ. ಅಕೌಂಟು, ಟ್ವೀಟುಗಳನ್ನು ತಡೆಯಬೇಕೆಂದು ಕೇಂದ್ರ ಸರ್ಕಾರ ಕೊಟ್ಟ ಆದೇಶಗಳ ವಿರುದ್ಧ ಟ್ವಿಟರ್ 2022ರಲ್ಲಿ ಬಂತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. ಆಮೇಲೆ ‘ಸಹಯೋಗ್’ ಪೋರ್ಟಲ್ ವಿಷಯ. ಇಂಥ ಪೋಸ್ಟ್ ತೆಗೆಯಿರಿ ಎಂದು ಬೇರೆ ಬೇರೆ ಇಲಾಖೆಗಳ, ಪೊಲೀಸರ ಅಧಿಕಾರಿಗಳು ನೇರವಾಗಿ ಕಂಪನಿಗಳಿಗೆ ನೋಟಿಸ್ ಕಳಿಸುವ ವ್ಯವಸ್ಥೆ ಇದು. ಎಕ್ಸ್ ಇದನ್ನು ಸೆನ್ಸಾರ್‌ಶಿಪ್ ಎಂದಿತು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಅರ್ಜಿಯನ್ನೂ ವಜಾ ಮಾಡಿದರು. ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಇರುವುದು ದೇಶದ ಪ್ರಜೆಗಳಿಗೆ, ವಿದೇಶಿ ಕಂಪನಿಗಲ್ಲ ಎನ್ನುವುದು ತೀರ್ಪಿನ ಒಂದು ಮುಖ್ಯ ಅಂಶ.

ಆ ಮಾತು ಸರಿ. ಆದರೆ ಹಾಗಾದರೆ ಆ ಸ್ವಾತಂತ್ರ್ಯ ಯಾರಿಗಿದೆಯೋ ಅವರೆಲ್ಲಿ? ಪೋಸ್ಟ್ ಬರೆದವನ ಹೆಸರು ಹಿಡಿದು ಯಾರೂ ಕೂಗಲಿಲ್ಲ. ಅವನ ಪರವಾಗಿ ಮಾತಾಡಿದ್ದು, ತನ್ನ ಲಾಭಕ್ಕೆ ಬಂದಾಗ ಮಾತ್ರ ಮಾತಾಡುವ ಕಂಪನಿ. ಬಹಳ ಸಲ ತನ್ನ ಪೋಸ್ಟ್ ಯಾಕೆ ಹೋಯಿತು, ತೆಗೆದದ್ದು ಸರ್ಕಾರವೋ ಕಂಪನಿಯೋ ಎಂಬುದೇ ಅವನಿಗೆ ಗೊತ್ತಾಗುವುದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಕೂಸಿಗೆ ಜಗಳ ಆಗಿದ್ದೇ ಗೊತ್ತಿಲ್ಲ.

ನಯಾರಾ ಘಟನೆಯ ನಂತರ ದೆಹಲಿಯಲ್ಲಿ ಸ್ವದೇಶಿ ಗಾಳಿ ಜೋರಾಗಿ ಬೀಸಿತು. ಕೇಂದ್ರ ಸರ್ಕಾರಿ ನೌಕರರ 12 ಲಕ್ಷಕ್ಕೂ ಹೆಚ್ಚು ಇಮೇಲ್ ಅಕೌಂಟುಗಳು ಚೆನ್ನೈನ ಜೋಹೊ ಕಂಪನಿ ನಡೆಸುವ ವ್ಯವಸ್ಥೆಗೆ ಹೋಗಿವೆ ಎಂದು ಸುದ್ದಿಯಾಯಿತು. ಮಂತ್ರಿಗಳು ನಾನೂ ಜೋಹೊಗೆ ಬಂದೆ ಎಂದು ಪೋಸ್ಟ್ ಹಾಕಿದರು, ಅದೂ ಎಕ್ಸ್‌ನಲ್ಲಿ. ಬೇಡ ಅನ್ನುವುದಿಲ್ಲ. ಬ್ರಸೆಲ್ಸ್‌ನಲ್ಲಿ ಏನೋ ಆದರೆ ಇಲ್ಲಿ ಇಮೇಲ್ ನಿಲ್ಲಬಾರದು. ಆದರೆ ಕಂಪನಿ ನಮ್ಮದಾದ ಮಾತ್ರಕ್ಕೆ ಹಿಡಿತ ನಮ್ಮದಾಗುತ್ತದೆ ಎನ್ನುವ ಲೆಕ್ಕದಲ್ಲಿ ನನಗೆ ಅಷ್ಟಾಗಿ ನಂಬಿಕೆ ಬರುವುದಿಲ್ಲ. ಅದಕ್ಕೆ ಯುಪಿಐ ಸಾಕ್ಷಿ.

ಯುಪಿಐ ಪೂರ್ತಿ ನಮ್ಮದು. 2016ರಲ್ಲಿ ಎನ್‌ಪಿಸಿಐ, ಅಂದರೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಕಟ್ಟಿದ್ದು. ನಿಯಮ ಮಾಡುವವರು ನಾವು, ಸರ್ವರ್ ನಮ್ಮದು, ಬ್ಯಾಂಕುಗಳು ನಮ್ಮವು. ಆದರೂ ಅದರ ಮೇಲೆ ಓಡುವ ವಹಿವಾಟಿನಲ್ಲಿ ಶೇ 80ರ ಆಸುಪಾಸು ಎರಡೇ ಆಪ್‌ಗಳದ್ದು. ಒಂದು ಫೋನ್‌ಪೇ, ಬೆಂಗಳೂರಿನಲ್ಲೇ ಇದೆ, ಹೆಚ್ಚಿನ ಪಾಲು ವಾಲ್‌ಮಾರ್ಟ್‌ನದ್ದು. ಇನ್ನೊಂದು ಗೂಗಲ್ ಪೇ. ಯಾವ ಆಪ್‌ಗೂ ಶೇ 30ಕ್ಕಿಂತ ಜಾಸ್ತಿ ಪಾಲು ಇರಕೂಡದು ಎಂದು 2020ರ ನವೆಂಬರ್‌ನಲ್ಲೇ ಎನ್‌ಪಿಸಿಐ ನಿಯಮ ಮಾಡಿತು. ಪಾಲು ಇಳಿಸಿಕೊಳ್ಳಲು ಎರಡು ವರ್ಷ ಕೊಟ್ಟಿತು. ಅದು 2022ಕ್ಕೆ ಮುಗಿಯುವಾಗ 2024ರ ಕೊನೆಗೆ ಮುಂದೂಡಿತು. 2024ರ ಡಿಸೆಂಬರ್ 31ರಂದು ಮತ್ತೆ ಎರಡು ವರ್ಷ ಮುಂದೂಡಿತು.

ಇದರಲ್ಲಿ ಆ ಕಂಪನಿಗಳ ಕುತಂತ್ರವೇನೂ ನನಗೆ ಕಾಣುವುದಿಲ್ಲ. 2020ರ ಜನವರಿಯಿಂದ ಯುಪಿಐ ವಹಿವಾಟಿಗೆ ಅಂಗಡಿಯವರಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ ಎಂದು ಸರ್ಕಾರವೇ ಹೇಳಿತು. ಜನರಿಗೆ ಒಳ್ಳೆಯದಾಯಿತು, ನಿಜ. ಆದರೆ ಸಂಪಾದನೆ ಇಲ್ಲದ ಧಂದೆಯಲ್ಲಿ ವರ್ಷಗಟ್ಟಲೆ ಕೈಯಿಂದ ಹಾಕಿಕೊಂಡು ಕೂರುವ ತಾಕತ್ತು ಯಾರಿಗಿರುತ್ತದೆ? ವಾಲ್‌ಮಾರ್ಟ್‌ಗೆ ಇದೆ, ಗೂಗಲ್‌ಗೆ ಇದೆ. ನಮ್ಮಲ್ಲಿ ಹೊಸದಾಗಿ ಶುರು ಮಾಡುವ ಚಿಕ್ಕ ಕಂಪನಿಗೆ ಇಲ್ಲ. ಈಗ ನಿಯಮ ಜಾರಿ ಮಾಡಬೇಕೆಂದರೆ ಆ ಎರಡು ಆಪ್‌ಗಳು ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಬೇಕು. ಹೊಸ ಫೋನು ಕೊಂಡವರು ಆಪ್ ಹಾಕಿಕೊಂಡು ‘ಸದ್ಯಕ್ಕೆ ಜಾಗವಿಲ್ಲ’ ಎಂದು ನೋಡಬೇಕು. ಅವರು ಬೈಯುವುದು ಸರ್ಕಾರವನ್ನೇ ಹೊರತು ಫೋನ್‌ಪೇಯನ್ನಲ್ಲ. ಅದು ಎಲ್ಲರಿಗೂ ಗೊತ್ತಿದೆ, ಕಂಪನಿಗಳಿಗಂತೂ ಚೆನ್ನಾಗಿಯೇ ಗೊತ್ತಿದೆ.

ಆಯ್ದ ಕೆಲವೇ ವೆಬ್‌ಸೈಟುಗಳನ್ನು ಪುಕ್ಕಟೆ ತೋರಿಸುವ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್‌ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2016ರ ಫೆಬ್ರವರಿ 8ರಂದು ಬಾಗಿಲು ಹಾಕಿದ್ದು ನೆನಪಿರಬಹುದು. ಪೇಪರ್ ತುಂಬ ಜಾಹೀರಾತು ಕೊಟ್ಟರೂ ಆಗ ಫೇಸ್‌ಬುಕ್ ಸೋತಿತು. ಅದು ಇನ್ನೂ ಬೇರೂರಿರಲಿಲ್ಲ, ಹಾಗಾಗಿ ಬೇಡ ಎನ್ನುವುದು ಸುಲಭವಿತ್ತು. ಯುಪಿಐ ವಿಷಯದಲ್ಲಿ ನಿಯಮ ಬರೆಯುವ ಹೊತ್ತಿಗೇ ತಡವಾಗಿತ್ತು ಅನ್ನಿಸುತ್ತದೆ. ಈಗಿನ ಗಡುವು 2026ರ ಡಿಸೆಂಬರ್ 31. ಅವತ್ತು ಸಂಜೆ ಇನ್ನೊಂದು ಸುತ್ತೋಲೆ ಬಂದು ಮತ್ತೆರಡು ವರ್ಷ ಮುಂದೂಡಿದರೆ ನನಗೇನೂ ಆಶ್ಚರ್ಯವಾಗುವುದಿಲ್ಲ.